ಮರದಡಿಯ ನೆಲಕ್ಕೆ ತಕ್ಕ ಸಸ್ಯಗಳು

ಚೈತ್ರ ವೈಶಾಖಗಳ ಮಧ್ಯಾಹ್ನದಲ್ಲಿ, ಉಷ್ಣಮಾನವು 40 ಡಿಗ್ರಿ ಸೆಲ್ಸಿಯಸ್ಸನ್ನು ದಾಟಿ, ಎರೆಯ ಹೊಲಗಳು ಅಂಗೈ ತೂರುವಷ್ಟು ಅಗಲಕ್ಕೆ ಬಾಯ್ದೆರೆದು, ದನಕರುಗಳು ಮೇವನ್ನು ಮರೆತು ನಿಂತಲ್ಲಿಯೇ ನಿಂತಿರುವ ಹೊತ್ತಿನಲ್ಲಿ, ಮಾನ್ವಿ ತಾಲೂಕಿನ ಹಿರೇಕೊಟ್ನೆಕಲ್ಲಿನಂಥ ಊರುಗಳ ಸಂಸಾರವೆಲ್ಲವೂ ಮನೆಯೊಳಗಿನಿಂದ ಹೊರಟು ಅಂಗಳದ ಬೇವಿನ ಮರದ ಬುಡಕ್ಕೆ ವರ್ಗವಾಗುವುದುಂಟು. ಹೊರಸು ಅಲ್ಲಿಗೆ ಬರುತ್ತದೆ. ನೀರಿನ ಕೊಡ ಅಲ್ಲಿಗೆ ಬರುತ್ತದೆ. ಕಾಳು ಹಸನುಮಾಡುವ ಮೊರವೂ ಕೂಸಿನ ತೊಟ್ಟಿಲೂ ಅಲ್ಲಿಗೇ ಬರುತ್ತವೆ. ಇಷ್ಟೊಂದು ಉಪಕಾರವನ್ನು ಮಾಡುವ ಆ ಮರದ ಕೆಳಗಿನ ನೆಲವಾದರೋ ಬಹುಮಟ್ಟಿಗೆ ಬೋಳಾಗಿಯೇ ಇರುತ್ತದೆ. ಇತ್ತೀಚೆಗೆ ರಾಯಚೂರು, ಮಾನ್ವಿ, ದೇವದುರ್ಗಗಳ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿಕೊಂಡವರು ಮಾತ್ರವಲ್ಲದೆ ಹಳ್ಳಿಗಳ ತೋಟದ ಮನೆಯವರೂ ಆ ಬೋಳು ನೆಲವನ್ನು ಕಂಡು, ಅಲ್ಲಿ ಏನನ್ನಾದರೂ ಬೆಳೆಯಬಹುದೆ, ಬೆಳೆಯಬಹುದಾದರೆ ಯಾವುದನ್ನು ಎಂದು ಕೇಳತೊಡಗಿದ್ದಾರೆ. ಪ್ರಶ್ನೆಯು ಸಣ್ಣದೆಂದು ತೋರಿದರೂ, ಅದಕ್ಕೆ ಉತ್ತರ ಹೇಳಹೊರಟಾಗ ಬೆಳಕು, ನೀರು, ಬೇರು, ಮಣ್ಣು, ಋತು ಎಂಬ ಐದನ್ನೂ ವಿಚಾರಿಸಬೇಕಾಗುತ್ತದೆ.

ಸಾಮಾನ್ಯವಾಗಿ ನಡೆಯುವುದು ಹೀಗೆ. ಮುಂಗಾರು ಹಿಡಿದೊಡನೆ ನರ್ಸರಿಗೆ ಹೋಗಿ, ಅಲ್ಲಿ ಹಸಿರು ಬಲೆಯ ಚಪ್ಪರದ ಕೆಳಗೆ ದಿನಕ್ಕೆರಡು ಬಾರಿ ನೀರುಂಡು ನಳನಳಿಸುತ್ತಿರುವ ಸಸಿಗಳಲ್ಲಿ ಕಣ್ಣಿಗೆ ಒಪ್ಪಿದವುಗಳನ್ನು ಆರಿಸಿ ತಂದು, ಮರದ ಸುತ್ತಲೂ ವೃತ್ತಾಕಾರವಾಗಿ ನೆಟ್ಟು, ಇಟ್ಟಿಗೆಯ ಅಂಚು ಕಟ್ಟಿ ಸಂತೋಷಪಡುತ್ತೇವೆ. ಶ್ರಾವಣ ಭಾದ್ರಪದಗಳವರೆಗೆ ಎಲ್ಲವೂ ಚೆನ್ನಾಗಿಯೇ ಇರುತ್ತದೆ. ದೀಪಾವಳಿಯ ಹೊತ್ತಿಗೆ ಎಲೆಗಳು ಹಳದಿಗಟ್ಟುತ್ತವೆ, ಸಂಕ್ರಾಂತಿಗೆ ಕಾಂಡಗಳು ಬಡಕಲಾಗುತ್ತವೆ, ಶಿವರಾತ್ರಿಯ ವೇಳೆಗೆ ಇಟ್ಟಿಗೆಯ ಅಂಚು ಮಾತ್ರ ಉಳಿಯುತ್ತದೆ. ಇಲ್ಲಿ ತಪ್ಪಿದುದು ಆರೈಕೆಯಲ್ಲ, ಆಯ್ಕೆ. ಗಿಡವನ್ನು ಕೊಳ್ಳುವ ಮುನ್ನ ಮೇಲಿರುವ ಮರವನ್ನು ವಿಚಾರಿಸಲಿಲ್ಲ. ಆ ನೆಲದ ಮೊದಲ ಹಕ್ಕುದಾರನು ಆ ಮರವೇ ಎಂಬುದನ್ನು ನೆನೆಯಲಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಪ್ರದೇಶದವರಿಗೆ ಈ ಸ್ಥಿತಿಯನ್ನು ತಿಳಿಸುವುದು ಸುಲಭ. 1953ರಲ್ಲಿ ಪೂರ್ಣಗೊಂಡ ಅಣೆಕಟ್ಟಿನಿಂದ ಹೊರಟು ಸುಮಾರು 227 ಕಿಲೋಮೀಟರು ಹರಿದುಬರುವ ಆ ಕಾಲುವೆಯ ತಲೆಭಾಗದವರು ನೀರು ಹಾಯಿಸಿಕೊಂಡಮೇಲೆ ಉಳಿದುದರಲ್ಲಿಯೇ ಕೊನೆಭಾಗದ ರೈತನು ಬೆಳೆ ತೆಗೆಯಬೇಕಾಗಿರುವಂತೆ, ಮರದಡಿಯ ಸಸ್ಯವೂ ಮರವು ಉಂಡು ಮಿಗಿಸಿದ ಬೆಳಕು ನೀರುಗಳಲ್ಲಿ ಬದುಕಬೇಕಾದದ್ದು. ಕೊನೆಭಾಗದಲ್ಲಿ ಭತ್ತವನ್ನು ನೆಚ್ಚಿದವನು ಕೆಡುತ್ತಾನೆ; ಜೋಳವನ್ನೋ ಕಡಲೆಯನ್ನೋ ನೆಚ್ಚಿದವನು ಉಳಿಯುತ್ತಾನೆ.

ಮೊದಲು ಬೇರಿನ ವಿಷಯ. ಮರದ ಬೇರುಗಳು ಕೊಂಬೆಗಳಿಗೆ ಪ್ರತಿಬಿಂಬವಾಗಿ ಆಳಕ್ಕೆ ಇಳಿದಿರುತ್ತವೆಂಬ ಭಾವನೆ ಲೋಕದಲ್ಲಿ ಬಹಳವಾಗಿ ಹರಡಿದೆ. ತಾಯಿಬೇರು ಆಳಕ್ಕೆ ಹೋಗುವುದು ನಿಜವಾದರೂ, ನೀರನ್ನೂ ಸಾರವನ್ನೂ ಹೀರುವ ಕೂದಲೆಳೆಯಷ್ಟು ಸಣ್ಣ ಬೇರುಗಳಲ್ಲಿ ಬಹುಪಾಲು ಮೇಲ್ಮಣ್ಣಿನ ಒಂದೆರಡು ಅಡಿಗಳಲ್ಲಿಯೇ ಇದ್ದು, ರೆಂಬೆಗಳ ಹರವನ್ನೂ ಮೀರಿ ಹೊರಗೆ ಚಾಚಿರುತ್ತವೆ. ನಾವು ಗಿಡ ನೆಡಲೆಂದು ತೋಡುವ ಗುಣಿಯು ಸರಿಯಾಗಿ ಅವುಗಳ ನಡುವೆಯೇ ಬೀಳುತ್ತದೆ. ಹೊಸ ಸಸಿಗೆಂದು ಹಾಕಿದ ಗೊಬ್ಬರವನ್ನೂ ಎರೆದ ನೀರನ್ನೂ ಕೆಲವೇ ವಾರಗಳಲ್ಲಿ ಮರದ ಬೇರು ಹುಡುಕಿಕೊಂಡು ಬಂದು ಸೇರುವುದರಿಂದ, ಸಸಿಯು ತನ್ನ ಗುಣಿಯಲ್ಲಿಯೇ ಬಡವಾಗುವುದು. ಈ ಸಂಗತಿ ಹಿಂದಿನವರಿಗೆ ತಿಳಿದಿತ್ತು. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ವೃಕ್ಷಾಯುರ್ವೇದ ಪ್ರಕರಣದಲ್ಲಿ ಮರದಿಂದ ಮರಕ್ಕೆ 20 ಮೊಳದ ಅಂತರವು ಉತ್ತಮ, 16 ಮೊಳವು ಮಧ್ಯಮ, 12 ಮೊಳವು ಅಧಮವೆಂದು ವಿಧಿಸಿ, ಒತ್ತಾಗಿ ಬೆಳೆದು ಬೇರುಗಳು ಒಂದರೊಡನೊಂದು ಹೆಣೆದುಕೊಂಡ ಮರಗಳು ಪೀಡಿತವಾಗಿ ಸರಿಯಾಗಿ ಫಲಿಸವೆಂದು ಕಾರಣವನ್ನೂ ಹೇಳಿದ್ದಾನೆ. ಕನ್ನಡದಲ್ಲಿಯೇ, 1025ರ ಸುಮಾರಿಗೆ ಕಲ್ಯಾಣ ಚಾಲುಕ್ಯರ ಆಶ್ರಯದಲ್ಲಿ ಇಮ್ಮಡಿ ಚಾವುಂಡರಾಯನು ರಚಿಸಿದ ಲೋಕೋಪಕಾರದಲ್ಲಿ ವೃಕ್ಷಾಯುರ್ವೇದಕ್ಕೆ ಪ್ರತ್ಯೇಕ ಸ್ಥಾನವಿದೆ. ಸಾವಿರ ವರ್ಷಗಳ ಹಿಂದೆ ಜನಸಾಮಾನ್ಯರ ಉಪಯೋಗಕ್ಕಾಗಿ ಬರೆದ ಗ್ರಂಥದಲ್ಲಿ ಗಿಡಮರಗಳ ಪೋಷಣೆಯೂ ಅವಶ್ಯವಾಗಿ ಸೇರತಕ್ಕ ವಿದ್ಯೆಯೆಂದು ಭಾವಿಸಿದ ನಾಡು ನಮ್ಮದು. ಆ ಜ್ಞಾನವನ್ನು ಇಂದು ಅಂಗಳದಲ್ಲಿ ಮರೆತಿರುವುದು ವ್ಯಸನಕರ.

ಎರಡನೆಯದು ಬೆಳಕು. ನೆರಳುಗಳೆಲ್ಲ ಒಂದೇ ಜಾತಿಯವಲ್ಲ. ಬೇವು, ನುಗ್ಗೆ, ಚೊಗಚೆಗಳಂಥ ಸಣ್ಣ ಎಲೆಯ ಮರಗಳ ಕೆಳಗೆ ಬಿಸಿಲು ಚುಕ್ಕೆಚುಕ್ಕೆಯಾಗಿ ಸೋರಿ, ಗಾಳಿ ಬೀಸಿದಂತೆಲ್ಲ ಆ ಚುಕ್ಕೆಗಳು ಸ್ಥಾನ ಬದಲಿಸುತ್ತ, ದಿನದ ಮೊತ್ತದಲ್ಲಿ ಪ್ರತಿಯೊಂದು ಎಲೆಗೂ ತುಸುತುಸುವಾದರೂ ದಕ್ಕುತ್ತವೆ. ಮಾವು, ಹಲಸು, ಆಲಗಳ ದಟ್ಟ ನೆರಳಿನಲ್ಲಿಯಾದರೋ ನಡುಹಗಲಿನಲ್ಲಿಯೂ ಮಬ್ಬು ಕವಿದಿರುತ್ತದೆ; ಅಷ್ಟೇ ಅಲ್ಲದೆ, ಸಸ್ಯಗಳು ಆಹಾರ ತಯಾರಿಸಿಕೊಳ್ಳಲು ಬೇಕಾದ ಕೆಂಪು ಮತ್ತು ನೀಲಿ ಕಿರಣಗಳನ್ನು ಮೇಲಿನ ಎಲೆಗಳೇ ಹೀರಿಕೊಂಡುಬಿಟ್ಟಿರುವುದರಿಂದ, ಕೆಳಗೆ ಇಳಿಯುವ ಬೆಳಕು ಪ್ರಮಾಣದಲ್ಲಿ ಮಾತ್ರವಲ್ಲದೆ ಗುಣದಲ್ಲಿಯೂ ಹೀನವಾದುದು. ನೆರಳಿನಲ್ಲಿ ಬಾಳುವ ಸಸ್ಯಗಳ ಎಲೆಗಳು ಅಗಲವಾಗಿಯೂ ತೆಳುವಾಗಿಯೂ ಗಾಢ ಹಸಿರಾಗಿಯೂ ಇರುವುದು, ದೊರೆತ ಅಲ್ಪವನ್ನೂ ವ್ಯರ್ಥಮಾಡದೆ ಹಿಡಿಯಲೆಂದೇ. ಅರಿಸಿನದ ಎಲೆಯನ್ನೂ ಸಜ್ಜೆಯ ಎಲೆಯನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ, ಯಾವುದು ನೆರಳನ್ನು ಸಹಿಸಬಲ್ಲುದು, ಯಾವುದು ಬಯಲನ್ನು ಬಯಸುವುದು ಎಂಬುದನ್ನು ಓದುಬರಹವಿಲ್ಲದವರೂ ಹೇಳಬಲ್ಲರು.

ಮೂರನೆಯದಾದ ನೀರಿನ ವಿಷಯದಲ್ಲಿ ನಮ್ಮ ಸೀಮೆಗೆ ವಿಶೇಷವಾದ ಒಂದು ಕಷ್ಟವಿದೆ. ಇಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸಿನದು. ಅದೂ ಬಹುಮಟ್ಟಿಗೆ ಬಿಡಿಬಿಡಿಯಾದ ಸಣ್ಣ ಹನಿಗಳಾಗಿ ಬಂದು ಹೋಗುವಂಥದು. ಇಂಥ ಸಣ್ಣ ಮಳೆಯಲ್ಲಿ ಬಿದ್ದುದೆಲ್ಲ ಮರದ ಎಲೆಗಳ ಮೇಲೆಯೇ ನಿಂತು ಅಲ್ಲಿಯೇ ಆರಿಹೋಗುವುದರಿಂದ, ಬಯಲು ಹದವಾಗಿ ನೆನೆದ ದಿನವೂ ಮರದ ಬುಡ ಒಣಗಿಯೇ ಇರುವುದುಂಟು. ಒಣ ನೆರಳು, ಹಸಿ ನೆರಳು ಎಂಬ ಈ ಭೇದವನ್ನು ತಿಳಿಯದೆ, ಕೇವಲ ನೆರಳಿನ ಗಿಡವೆಂಬ ಹೆಸರನ್ನು ನಂಬಿ ತಂದ ಸಸ್ಯಗಳು ಸಾಯುತ್ತವೆ. ಮಲೆನಾಡಿನ ಅಡಕೆಯ ತೋಟದಲ್ಲಿ ಕಾಳುಮೆಣಸು ಮರವನ್ನು ಅಪ್ಪಿ, ಅದರ ಕೆಳಗೆ ಏಲಕ್ಕಿ ತೆಂಡೆಯೊಡೆದು, ಅಂತಸ್ತಿನ ಮೇಲೆ ಅಂತಸ್ತಾಗಿ ಹಸಿರು ಕಟ್ಟಿಕೊಂಡಿರುವ ದೃಶ್ಯವನ್ನು ಶಿರಸಿ ಸಾಗರಗಳ ಕಡೆ ಹೋಗಿಬಂದ ನಮ್ಮವರು ನೋಡಿ ಮೋಹಗೊಳ್ಳುವುದು ಸಹಜವೇ. ಆದರೆ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರನ್ನು ಮೀರಿ ಮಳೆ ಸುರಿಯುತ್ತದೆ. ಅಲ್ಲಿನ ಗಾಳಿಯೇ ಒದ್ದೆ. ಏಲಕ್ಕಿಯ ಒಂದು ತೆಂಡೆಯನ್ನು ತಂದು ಮಾನ್ವಿಯ ಮಾವಿನ ಮರದಡಿ ನೆಟ್ಟರೆ, ವೈಶಾಖದ ಬಿಸಿಗಾಳಿಗೆ ಅದರ ಎಲೆಯಂಚು ಸುಟ್ಟು ಸುರುಟುವುದನ್ನು ನೀರಿನಿಂದ ತಡೆಯಲಾಗದು. ಮಲೆನಾಡಿನಿಂದ ನಾವು ಕಲಿಯತಕ್ಕದ್ದು ಅಂತಸ್ತುಗಳ ತತ್ತ್ವವನ್ನೇ ಹೊರತು ಅಲ್ಲಿನ ಸಸ್ಯಗಳ ಪಟ್ಟಿಯನ್ನಲ್ಲ.

ಹಾಗಾದರೆ ನಮ್ಮ ಅಂಗಳದ ಬೇವನ್ನೇ ತೆಗೆದುಕೊಂಡು ಅದರ ವರ್ಷವನ್ನು ಸಮೀಪದಿಂದ ನೋಡೋಣ. ಮಾಘ ಮುಗಿದು ಫಾಲ್ಗುಣ ಹಿಡಿಯುವಾಗ ಬೇವು ಎಲೆಯುದುರಿಸತೊಡಗುತ್ತದೆ. ಕೆಲವು ವಾರಗಳ ಕಾಲ ಅದರ ಕೆಳಗೆ ಬಯಲಿನಷ್ಟೇ ಬಿಸಿಲು ಬೀಳುತ್ತದೆ. ಯುಗಾದಿಯ ಹೊತ್ತಿಗೆ ತಾಮ್ರವರ್ಣದ ಚಿಗುರೊಡೆದು, ಬೆಲ್ಲದೊಡನೆ ಬೆರೆಯಬೇಕಾದ ಹೂವೂ ತೆರೆದು, ಬಿರುಬೇಸಗೆಗೆ ಸರಿಯಾಗಿ ನೆರಳು ಮರಳಿ ಕೂಡಿಕೊಳ್ಳುತ್ತದೆ. ಮುಂಗಾರಿನ ಮೊದಲ ಮಳೆಗಳಲ್ಲಿ ಹಣ್ಣುದುರಿ, ಬುಡದ ಸುತ್ತಲೂ ನೂರಾರು ಬೇವಿನ ಮೊಳಕೆಗಳೇಳುತ್ತವೆ. ಬೇವಿನ ಎಲೆಯ ರಸವು ಇತರ ಬೀಜಗಳ ಮೊಳೆಯುವಿಕೆಗೆ ಅಡ್ಡಿಯಾಗುವುದೆಂದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಒಂದು ಸಸ್ಯವು ತನ್ನ ದೇಹದ ರಸಾಯನಗಳಿಂದ ನೆರೆಯ ಸಸ್ಯದ ಬೆಳವಣಿಗೆಯನ್ನು ಪ್ರಭಾವಿಸುವ ಈ ವ್ಯಾಪಾರಕ್ಕೆ ಆಸ್ಟ್ರಿಯಾದ ವಿಜ್ಞಾನಿ ಹಾನ್ಸ್ ಮೋಲಿಶ್ 1937ರಲ್ಲಿ ಅಲೆಲೋಪಥಿ ಎಂದು ಹೆಸರಿಟ್ಟನು. ಆದಕಾರಣ ಬೇವಿನ ಕೆಳಗೆ ಬೀಜ ಚೆಲ್ಲಿ ಕಾಯುವುದು ವ್ಯರ್ಥಶ್ರಮ; ಬೇರುಬಿಟ್ಟ ಸಸಿಯನ್ನೋ ಕಡ್ಡಿಯನ್ನೋ ಗಡ್ಡೆಯನ್ನೋ ನೆಡುವುದೇ ಸರಿಯಾದ ಕ್ರಮ.

ಬೇವಿಗೆ ಒಡನಾಡಿಯಾಗಿ ಮೊದಲು ಹೇಳಬೇಕಾದದ್ದು ಅಮೃತಬಳ್ಳಿ. ಬೇವನ್ನು ಆಶ್ರಯಿಸಿ ಬೆಳೆದ ಅಮೃತಬಳ್ಳಿಯು ಔಷಧಕ್ಕೆ ಶ್ರೇಷ್ಠವೆಂದು ನಾಡವೈದ್ಯರು ಹಿಂದಿನಿಂದ ಹೇಳುತ್ತ ಬಂದಿದ್ದಾರೆ. ಆ ವಿಷಯವನ್ನು ವೈದ್ಯರಿಗೇ ಬಿಟ್ಟು, ಬೇವು ಮತ್ತು ಅಮೃತಬಳ್ಳಿಗಳು ನಮ್ಮ ಹವೆಯಲ್ಲಿ ಜೊತೆಯಾಗಿ ಸುಖವಾಗಿ ಬಾಳುತ್ತವೆಂಬುದನ್ನು ಮಾತ್ರ ನಾನು ಒತ್ತಿ ಹೇಳುತ್ತೇನೆ. ಹತ್ತಿರ ಹೋಗಿ ಬಳ್ಳಿಯ ಕಾಂಡವನ್ನು ನೋಡಿರಿ: ಬೂದುಬಣ್ಣದ, ಕಾಗದದಷ್ಟು ತೆಳುವಾದ ತೊಗಟೆ ಅಲ್ಲಲ್ಲಿ ಸುಲಿದು ಎದ್ದಿರುತ್ತದೆ; ಅದನ್ನು ಉಗುರಿನಿಂದ ಕೆರೆದರೆ ಒಳಗೆ ರಸವತ್ತಾದ ಹಸಿರು ಹೊಳೆಯುತ್ತದೆ. ಮೇಲಿನ ಕೊಂಬೆಯಿಂದ ದಾರದೆಳೆಗಳಂತಹ ಬಿಳಲುಗಳು ಇಳಿದು ಗಾಳಿಯಲ್ಲಿ ತೂಗುತ್ತ ನೆಲವನ್ನು ಮುಟ್ಟಲು ಹವಣಿಸುತ್ತವೆ, ಮುಟ್ಟಿದಲ್ಲಿ ಬೇರಾಗುತ್ತವೆ. ಕತ್ತರಿಸಿ ಬೇಲಿಯ ಮೇಲೆ ಎಸೆದ ತುಂಡೂ ಬಹುಕಾಲ ಸಾಯದೆ, ತೇವ ಸೋಕಿದೊಡನೆ ಚಿಗುರುತ್ತದೆ. ಬೇಸಗೆಯಲ್ಲಿ ತನ್ನ ಹೃದಯಾಕಾರದ ಎಲೆಗಳನ್ನೆಲ್ಲ ಕಳಚಿ, ಹಸಿರು ಕಾಂಡದಲ್ಲಿಯೇ ಜೀವ ಹಿಡಿದು, ಮಳೆ ಬಂದಾಗ ಪುನಃ ಹಬ್ಬುವ ಈ ಬಳ್ಳಿಗೆ ನೀವು ಎರೆಯಬೇಕಾದ ನೀರು ಮೊದಲ ವರ್ಷಕ್ಕೆ ಮಾತ್ರ. ಹೆಬ್ಬೆರಳು ದಪ್ಪದ, ಒಂದು ಗೇಣುದ್ದದ ಕಡ್ಡಿಯನ್ನು ಮರದಿಂದ ಮೂರು ಅಡಿ ದೂರದಲ್ಲಿ ಊರಿ, ಒಂದು ದಾರದಿಂದ ಕಾಂಡದ ಕಡೆಗೆ ದಾರಿ ತೋರಿಸಿದರೆ ಸಾಕು. ಮರ ಎಳೆಯದಾಗಿದ್ದರೆ ಮಾತ್ರ ಬಳ್ಳಿಯ ಭಾರ ಅದನ್ನು ಬಗ್ಗಿಸಬಹುದು. ಬಲಿತ ಮರಕ್ಕೆ ಹಬ್ಬಿಸುವುದು ಕ್ಷೇಮ.

ಎರಡನೆಯ ಗುಂಪು ಗಡ್ಡೆಯ ಸಸ್ಯಗಳದು; ನಮ್ಮ ಸೀಮೆಯ ಮರದಡಿಗೆ ಇವುಗಳಷ್ಟು ಹೊಂದುವ ಕುಲ ಬೇರೊಂದಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಕಾರಣವು ಅವುಗಳ ಪಂಚಾಂಗದಲ್ಲಿದೆ. ಅರಿಸಿನವನ್ನು ಮುಂಗಾರಿನ ಆರಂಭದಲ್ಲಿ ನೆಟ್ಟರೆ, ಮಳೆಗಾಲವಿಡೀ ಎಲೆಯಗಲಿಸಿ ಬೆಳೆದು, ಎಂಟೊಂಬತ್ತು ತಿಂಗಳಲ್ಲಿ, ಅಂದರೆ ಬೇಸಗೆ ಕಾಲಿಡುವ ಮೊದಲೇ, ಎಲೆಯೊಣಗಿ ತನ್ನ ಸರ್ವಸ್ವವನ್ನೂ ಗಡ್ಡೆಗೆ ಇಳಿಸಿಕೊಳ್ಳುತ್ತದೆ. ಸುವರ್ಣಗಡ್ಡೆಯೂ ಹಾಗೆಯೇ, ಒಂದೇ ಕಾಂಡದ ಮೇಲೆ ಎಲೆಯನ್ನು ಹರಡಿ ನಿಂತು, ಮಳೆಗಾಲದ ಕೆಲಸ ಮುಗಿದಮೇಲೆ ಬಾಗಿ ಬೀಳುತ್ತದೆ. ನೀರಿನ ಅಭಾವವು ಪರಮಾವಧಿಗೆ ಮುಟ್ಟುವ ಮಾರ್ಚಿನಿಂದ ಮೇ ವರೆಗಿನ ಅವಧಿಯಲ್ಲಿ ಇವು ನೆಲದೊಳಗೆ ನಿದ್ರಿಸುತ್ತಿರುವುದರಿಂದ, ಮರದೊಡನೆ ನೀರಿಗಾಗಿ ಸ್ಪರ್ಧಿಸುವ ಪ್ರಸಂಗವೇ ಬರುವುದಿಲ್ಲ. ಅರಿಸಿನವು ತಕ್ಕಮಟ್ಟಿನ ನೆರಳನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಆದರೆ ಎರೆಯ ಮಣ್ಣಿನಲ್ಲಿ ನೀರು ನಿಂತರೆ ಗಡ್ಡೆ ಕೊಳೆಯುವುದರಿಂದ ಏರುಮಡಿಯ ಮೇಲೆ ನೆಡುವುದು ಅಗತ್ಯ. ಅದೇ ಜಾತಿಯ ಜೀವನಕ್ರಮವುಳ್ಳ ಹೂಗಿಡಗಳೂ ಇವೆ. ಬೇಸಗೆಯ ಮಧ್ಯದಲ್ಲಿ ಅಡ್ಡಮಳೆಯೊಂದು ಬಿದ್ದೊಡನೆ ಎಲೆಗಿಂತ ಮುಂಚೆ ಚೆಂಡಿನಂಥ ಕೆಂಪು ಹೂವನ್ನು ನೆಲದಿಂದೆತ್ತುವ, ಮೇ ಫ್ಲವರ್ ಎಂದು ಜನ ಕರೆಯುವ ಗಡ್ಡೆಗಿಡವು ಅರೆನೆರಳಿನಲ್ಲಿ ವರ್ಷದಿಂದ ವರ್ಷಕ್ಕೆ ತಾನಾಗಿ ಹೆಚ್ಚುತ್ತ ಹೋಗುತ್ತದೆ. ನಮ್ಮ ಕುರುಚಲು ಕಾಡುಗಳದೇ ಆದ ಅಗ್ನಿಶಿಖೆಯು ಬಲು ಚೆಲುವಾದ ಹೂವಿನದಾದರೂ ಅದರ ಗಡ್ಡೆ ಘೋರ ವಿಷ. ಮಕ್ಕಳೂ ದನಕರುಗಳೂ ಓಡಾಡುವ ಅಂಗಳಕ್ಕೆ ಅದನ್ನು ನಾನು ಹೇಳಲಾರೆ.

ಹೂವು ಬೇಕೆನ್ನುವವರು ಕನಕಾಂಬರವನ್ನು ನೆಡಲಿ. ಅರೆನೆರಳು ಅದಕ್ಕೆ ಸಹ್ಯವೆನ್ನುವುದಕ್ಕಿಂತ ಪ್ರಿಯವೆಂದೇ ಹೇಳಬಹುದು. ಸುಡುಬಿಸಿಲಿನಲ್ಲಿ ಬಣ್ಣ ಮಾಸುವ ಹೂವು ಬೇವಿನ ಚುಕ್ಕೆನೆರಳಿನಲ್ಲಿ ತನ್ನ ಕಿತ್ತಳೆಯ ಕಾಂತಿಯನ್ನು ಉಳಿಸಿಕೊಳ್ಳುತ್ತದೆ. ಹೂ ಮುಗಿದ ತೆನೆ ಒಣಗಿದಮೇಲೆ ಅದರ ಮೇಲೆ ನಾಲ್ಕು ಹನಿ ನೀರು ಬಿದ್ದರೆ ಸಾಕು, ಕಾಯಿಗಳು ಚಟಚಟನೆ ಸಿಡಿದು ಬೀಜಗಳನ್ನು ದೂರಕ್ಕೆ ಎರಚುತ್ತವೆ. ಮಕ್ಕಳಿಗೆ ಸಸ್ಯಶಾಸ್ತ್ರದ ಮೊದಲ ಪಾಠವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಗಿಡ ಮತ್ತೊಂದಿಲ್ಲ. ಅಡುಗೆಯ ಮನೆಗೆ ಹತ್ತಿರವಿರುವ ಮರದ ಕೆಳಗೆ ದೊಡ್ಡಪತ್ರೆಯನ್ನು ಹಬ್ಬಿಸಬಹುದು. ಅದರ ಮಾಂಸಲವಾದ ಎಲೆ ನೀರನ್ನು ತನ್ನಲ್ಲಿಯೇ ಕೂಡಿಟ್ಟುಕೊಳ್ಳುವುದರಿಂದ ಒಣ ನೆರಳಿಗೆ ಯೋಗ್ಯ, ಮುರಿದು ಊರಿದ ತುಂಡೆಲ್ಲ ಗಿಡವಾಗುವುದರಿಂದ ಹಣದ ಖರ್ಚೂ ಇಲ್ಲ. ಕುರಿಮೇಕೆಗಳ ಕಾಟವಿರುವ ಹಳ್ಳಿಯಂಗಳಗಳಲ್ಲಿ ಬೇಲಿಯ ಕಡೆಗೆ ಆಡುಸೋಗೆಯನ್ನು ನೆಡತಕ್ಕದ್ದು. ಆಡು ಮುಟ್ಟದ ಸೊಪ್ಪಿಲ್ಲವೆಂಬ ಗಾದೆಗೆ ಅಪವಾದವಾಗಿ ನಿಂತಿರುವ ಈ ಪೊದೆ, ಕಹಿಯಾದ ಎಲೆಯನ್ನೂ ಬಿಳಿಯ ಹೂವನ್ನೂ ಹೊತ್ತು, ಅರೆನೆರಳಿನಲ್ಲಿಯೂ ದಟ್ಟವಾಗಿಯೇ ಬೆಳೆಯುತ್ತದೆ. ಇವೆಲ್ಲವೂ ಅಂಜುವಷ್ಟು ಒಣಗಿದ, ದಟ್ಟ ನೆರಳಿನ ಮೂಲೆಗೆ ಸ್ನೇಕ್ ಪ್ಲಾಂಟ್ ಒಂದೇ ಗತಿ. ಅದು ಅಲ್ಲಿಯೂ ಬದುಕುತ್ತದೆ.

ಬೇವಲ್ಲದ ಇತರ ಮರಗಳ ಮಾತು. ಹೊಂಗೆಯ ಕೆಳಗಿನ ನೆಲವು ಎಲ್ಲಕ್ಕಿಂತ ಉದಾರವಾದದ್ದು. ಅದು ದ್ವಿದಳ ಧಾನ್ಯಗಳ ಕುಲಕ್ಕೆ ಸೇರಿದ ಮರವಾದ್ದರಿಂದ ಅದರ ಎಲೆಯೂ ಹೂವೂ ಉತ್ತಮವಾದ ಗೊಬ್ಬರವಾಗುತ್ತವೆಂದು ರೈತರು ತಲೆತಲಾಂತರದಿಂದ ಬಲ್ಲರು. ಹುಲ್ಲು ಕೂಡ ಅದರಡಿ ಹುಲುಸಾಗಿ ಬೆಳೆಯುತ್ತದೆ. ನುಗ್ಗೆ ಚೊಗಚೆಗಳ ನೆರಳು ಅತ್ಯಂತ ತಿಳಿಯಾದದ್ದು. ಆದ್ದರಿಂದಲೇ ಉತ್ತರ ಕರ್ನಾಟಕದ ವೀಳ್ಯದೆಲೆಯ ತೋಟಗಳಲ್ಲಿ ಬಳ್ಳಿಗೆ ಆಸರೆಯಾಗಿಯೂ ನೆರಳಾಗಿಯೂ ಅವನ್ನು ಬೆಳೆಸುತ್ತಾರೆ. ಸವಣೂರಿನ ಎಲೆಯ ಖ್ಯಾತಿಯನ್ನು ಬಲ್ಲವರು, ಮಲೆನಾಡಿನ ತೇವವಿಲ್ಲದ ಬಯಲಿನಲ್ಲಿಯೂ ಮರದ ನೆರಳನ್ನೂ ನೀರನ್ನೂ ಜಾಣತನದಿಂದ ಕೂಡಿಸಿದರೆ ಎಂಥ ಸುಕುಮಾರವಾದ ಬಳ್ಳಿಯನ್ನು ಸಾಕಬಹುದೆಂಬುದನ್ನು ನೆನೆಯಬೇಕು. ನಮ್ಮ ಪಾಲಿಗೆ ಇದೇ ಹತ್ತಿರದ ಆದರ್ಶ. ಹುಣಸೆಯ ಕೆಳಗೆ ಏನೂ ಬೆಳೆಯದೆಂಬ ಜನವಾಣಿ ಬಹುಮಟ್ಟಿಗೆ ಸತ್ಯ. ಅದರ ಎಲೆ ಬೇರುಗಳಲ್ಲಿ ಇತರ ಸಸ್ಯಗಳನ್ನು ಕುಗ್ಗಿಸುವ ದ್ರವ್ಯಗಳಿರುವುದನ್ನು ಪ್ರಯೋಗಗಳೂ ತೋರಿಸಿವೆ. ಅಲ್ಲಿ ಹಣ ಚೆಲ್ಲುವುದು ಬೇಡ. ಬಳ್ಳಾರಿ ಜಾಲಿಯ ಕೆಳಗಂತೂ ಪ್ರಯತ್ನವೇ ಸಲ್ಲದು. ಬಿದ್ದ ಎಲೆಯಿಂದ ಸೋರಿದ ನೀರೇ ಮೊಳಕೆಗಳಿಗೆ ಮಾರಕ. ಮಾವಿನಡಿ ಮರದ ಬುಡವನ್ನು ಬಿಟ್ಟು, ರೆಂಬೆಗಳ ಅಂಚಿನ ಬಳಿ, ಬೆಳಗಿನ ಓರೆಬಿಸಿಲು ತೂರುವ ಪೂರ್ವದ ಮಗ್ಗುಲಲ್ಲಿ ಮಾತ್ರ ನೆಡಬೇಕು. ತೆಂಗಿನಡಿಯಲ್ಲಿ ಎಡೆ ವಿಶಾಲವಾಗಿರುವುದರಿಂದ ಕರಿಬೇವು, ಬಾಳೆ, ಅರಿಸಿನಗಳೆಲ್ಲವೂ ಸುಖವಾಗಿ ಬರುತ್ತವೆ, ನೀರೊಂದಿದ್ದರೆ.

ಆ ನೀರು ಧಾರಾಳವಾಗಿರುವ ಮನೆಗಳೂ ನಮ್ಮಲ್ಲಿ ಇಲ್ಲದಿಲ್ಲ. ಕಾಲುವೆಯ ಬಸಿನೀರು ಸೇರುವ ತೋಟಗಳಲ್ಲಿಯೂ ಬಚ್ಚಲ ನೀರು ಹರಿಯುವ ಹಿತ್ತಲುಗಳಲ್ಲಿಯೂ ನೆರಳು ಹಸಿಯಾಗಿರುತ್ತದೆ; ಅಲ್ಲಿಗೆ ಕೆಸು, ಒಂದೆಲಗ, ಹೊನಗೊನ್ನೆ, ಬಸಳೆಗಳು ತಕ್ಕವು. ಸೋಪಿನ ಕ್ಷಾರವು ಎರೆಮಣ್ಣಿನಲ್ಲಿ ಕೂಡಿಕೊಳ್ಳುವುದರಿಂದ ಬಚ್ಚಲ ನೀರನ್ನು ಒಂದೇ ಕಡೆ ನಿಲ್ಲಿಸದೆ ಸ್ಥಳ ಬದಲಿಸುತ್ತಿರಬೇಕು. ಅಚ್ಚುಕಟ್ಟಿನ ಪ್ರದೇಶದಲ್ಲಿ ನೀರು ಹೆಚ್ಚಾಗಿ ಸವುಳಾದ ಭೂಮಿ ಎಷ್ಟಿದೆಯೆಂಬುದು ನಮ್ಮ ರೈತರಿಗೆ ಗೊತ್ತಿದೆ. ನೆಲದ ಮೇಲೆ ಬಿಳಿಯ ಉಪ್ಪು ಕಾಣಿಸಿಕೊಂಡಲ್ಲಿ ಬೇವು ಹೊಂಗೆಗಳು ಸಹಿಸಿ ನಿಂತರೂ ಅವುಗಳಡಿಯ ಅರಿಸಿನ ಸಹಿಸಲಾರದು.

ಬಯಸಬಾರದ ಎರಡು ಸಸ್ಯಗಳ ವಿಷಯವಾಗಿ ಒಂದು ಮಾತು. ಚೀಕಲಪರ್ವಿಯ ವಿಜಯದಾಸರೂ ಬ್ಯಾಗವಟ್ಟಿನ ಜಗನ್ನಾಥದಾಸರೂ ಹುಟ್ಟಿದ ಮಾನ್ವಿ ತಾಲೂಕು ಹರಿದಾಸರ ನೆಲ. ಇಲ್ಲಿ ತುಳಸಿಯಿಲ್ಲದ ಅಂಗಳಗಳು ವಿರಳ. ಸ್ಥಳ ಸಾಲದ ಕೆಲವರು ಬೃಂದಾವನವನ್ನು ಮರದ ನೆರಳಿಗೆ ಸರಿಸುವುದನ್ನು ಈಚೆಗೆ ಕಾಣುತ್ತಿದ್ದೇವೆ. ತುಳಸಿಯು ಬಿಸಿಲಿನ ಸಸ್ಯ. ನೆರಳಿನಲ್ಲಿ ಅದರ ಕಾಂಡ ನೀಳವಾಗಿ, ಎಲೆ ವಿರಳವಾಗಿ, ಗಂಧ ಕ್ಷೀಣವಾಗಿ, ಕೊನೆಗೆ ಗಿಡವೇ ಹೋಗುತ್ತದೆ. ಅದನ್ನು ಅಂಗಳದ ಬಯಲಿಗೇ ಬಿಡತಕ್ಕದ್ದು. ಎರಡನೆಯದು ಹುಲ್ಲುಹಾಸು. ಗರಿಕೆಯ ಜಾತಿಯ ಹುಲ್ಲುಗಳು ಪೂರ್ಣ ಬಿಸಿಲನ್ನು ಬೇಡುವಂಥವು. ಮರದಡಿಯಲ್ಲಿ ಅವನ್ನು ಹಾಸಿ, ಪ್ರತಿದಿನ ನೂರಾರು ಲೀಟರು ನೀರೆರೆದು, ವರ್ಷ ತಿರುಗುವುದರೊಳಗೆ ಬೋಳು ತೇಪೆಗಳನ್ನು ನೋಡುವುದು ರಾಯಚೂರಿನಂಥ ನೀರಿನ ಬರವಿರುವ ಪಟ್ಟಣಕ್ಕೆ ಶೋಭಿಸುವುದಿಲ್ಲ. ಹುಲ್ಲಿಗೆ ಬದಲಾಗಿ ಹಳದಿ ಹೂವಿನ ವೆಡೀಲಿಯಾವನ್ನು ಹಬ್ಬಿಸಿರೆಂದು ಸಲಹೆ ಕೊಡುವವರಿದ್ದಾರೆ. ಜಗತ್ತಿನ ಅತಿ ದುಷ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಸೇರಿರುವ ಆ ಸಸ್ಯವನ್ನು ಕಾಲುವೆಯ ನಾಡಿಗೆ ಕೈಯಾರೆ ತಂದುಕೊಳ್ಳುವುದು ಅವಿವೇಕ.

ನೆಡುವ ಕ್ರಮದಲ್ಲಿಯೂ ಮರದ ಗೌರವವನ್ನು ಕಾಯಬೇಕು. ನೆಲವನ್ನೆಲ್ಲ ಅಗೆದು ಮಡಿ ಮಾಡುವ ಪದ್ಧತಿ ಇಲ್ಲಿ ನಿಷಿದ್ಧ. ಕಾಂಡದಿಂದ ಕನಿಷ್ಠ ಮೂರಡಿ ದೂರದಲ್ಲಿ, ಸಲಾಕೆಯಿಂದ ಮೆಲ್ಲನೆ ಚುಚ್ಚಿ ನೋಡಿ, ದಪ್ಪ ಬೇರು ತಗುಲದ ಎಡೆಯಲ್ಲಿ ಒಂದು ಗೇಣು ಆಳದ ಗುಣಿಯನ್ನು ತೋಡಿ, ಅದರ ಎರೆಮಣ್ಣಿಗೆ ಮಸಾರಿಯನ್ನೂ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನೂ ಬೆರೆಸಿ ತುಂಬಬೇಕು. ಹೆಬ್ಬೆರಳಿಗಿಂತ ದಪ್ಪನಾದ ಬೇರು ಸಿಕ್ಕರೆ ಅದನ್ನು ಕಡಿಯದೆ ಗುಣಿಯನ್ನೇ ಪಕ್ಕಕ್ಕೆ ಸರಿಸಬೇಕು. ಸಸಿ ಚಿಕ್ಕದಿದ್ದಷ್ಟೂ ಒಳ್ಳೆಯದು. ಎಳೆಯದರಲ್ಲಿಯೇ ಬಂದದ್ದು ಮರದ ಬೇರುಗಳ ನಡುವೆ ತನ್ನ ದಾರಿಯನ್ನು ಕಂಡುಕೊಳ್ಳುತ್ತದೆ. ಬುಡಕ್ಕೆ ಮಣ್ಣು ಏರಿಸಿ ಕಾಂಡವನ್ನು ಮುಚ್ಚುವುದು ಬಹು ದೊಡ್ಡ ತಪ್ಪು. ಉಸಿರಾಡಬೇಕಾದ ತೊಗಟೆ ತೇವದಲ್ಲಿ ಕೊಳೆತು, ಅಜ್ಜನ ಕಾಲದ ಮರವೂ ಕೆಲವೇ ವರ್ಷಗಳಲ್ಲಿ ಒಣಗುವುದುಂಟು. ಗಟ್ಟಿಯಾಗಿಹೋದ ನೆಲವನ್ನು ಸಡಿಲಿಸುವುದಕ್ಕೆ ವರಾಹಮಿಹಿರನು ಹೇಳಿದ ಉಪಾಯ ಇಂದಿಗೂ ಮಾನ್ಯ: ಮೃದುವಾದ ಭೂಮಿಯು ಎಲ್ಲ ಮರಗಳಿಗೂ ಹಿತವಾದ್ದರಿಂದ, ಮೊದಲು ಎಳ್ಳನ್ನು ಬಿತ್ತಿ, ಅದು ಹೂಬಿಟ್ಟಾಗ ಅಲ್ಲಿಯೇ ಮರ್ದಿಸಿಬಿಡಬೇಕೆಂದು ಅವನ ವಿಧಿ. ಎಳ್ಳು ನಮ್ಮ ಸೀಮೆಗೆ ಹೊಸದಲ್ಲ. ಮರದ ಹರವಿನ ಹೊರ ಅಂಚಿನಲ್ಲಿ, ಬಿಸಿಲು ಬೀಳುವ ಕಡೆ, ಒಂದು ಮುಂಗಾರಿನಲ್ಲಿ ಎಳ್ಳನ್ನೋ ಸೆಣಬನ್ನೋ ಹೀಗೆ ಬೆಳೆದು ಮಣ್ಣಿಗೆ ಸೇರಿಸಿದರೆ, ಮರುವರ್ಷ ಸಸಿ ನೆಡುವವನಿಗೆ ಸಲಾಕೆಯ ಶ್ರಮ ಅರ್ಧವಾಗುತ್ತದೆ.

ಮರದಡಿ ಗಿಡ ಬೆಳೆದರೆ ಹಾವು ಚೇಳುಗಳು ಸೇರುತ್ತವೆಂಬ ಭಯವನ್ನು ನಮ್ಮ ಹೆಣ್ಣುಮಕ್ಕಳು ಹೇಳುವುದುಂಟು. ಭಯವು ನಿರಾಧಾರವಲ್ಲ, ಬೇಸಗೆಯಲ್ಲಿ ತಂಪು ಹುಡುಕುವುದು ಮನುಷ್ಯನೊಬ್ಬನೇ ಅಲ್ಲ. ಆದ್ದರಿಂದ ಹೊರಸು ಹಾಕುವ, ಮಕ್ಕಳು ಆಡುವ ಮಗ್ಗುಲನ್ನು ಗುಡಿಸಿದ ಬರಿಯ ನೆಲವಾಗಿಯೇ ಉಳಿಸಿ, ಮನೆಯ ಬಾಗಿಲಿಗೆ ದೂರವಾದ ಇನ್ನೊಂದು ಮಗ್ಗುಲಲ್ಲಿ ಮಾತ್ರ ನೆಡುವುದು ಯುಕ್ತ. ಊರ ನಡುವಿನ ಅರಳಿಕಟ್ಟೆ ಬೇವಿನಕಟ್ಟೆಗಳಡಿ ಏನನ್ನೂ ನೆಡುವುದು ಬೇಡವೆಂದೇ ನನ್ನ ಮತ. ಅಲ್ಲಿನ ನೆಲ ಜನರು ಕೂಡುವುದಕ್ಕಾಗಿ ಮೀಸಲಾದದ್ದು. ಅಶೋಕನು ಮನುಷ್ಯರಿಗೂ ಪಶುಗಳಿಗೂ ನೆರಳಾಗಲೆಂದು ದಾರಿಗಳಲ್ಲಿ ಆಲದ ಮರಗಳನ್ನು ನೆಡಿಸಿದನೆಂದು ಅವನ ಸ್ತಂಭಶಾಸನವೊಂದು ತಿಳಿಸುತ್ತದೆ. ಆ ಅರಸನ ಸ್ವಂತ ಹೆಸರನ್ನೊಳಗೊಂಡ ಶಾಸನ 1915ರಲ್ಲಿ ಬೆಳಕಿಗೆ ಬಂದದ್ದು ನಮ್ಮ ಜಿಲ್ಲೆಯ ಮಸ್ಕಿಯಲ್ಲಿ. ಅಂಥ ಸಾರ್ವಜನಿಕ ಮರಗಳಿಗೆ ನಾವು ಮಾಡುತ್ತಿರುವ ಅಪಕಾರವು ಬೇರೆ ಬಗೆಯದು: ಕಾಂಡಕ್ಕೆ ಒತ್ತಿ ಸಿಮೆಂಟು ಬಳಿದು, ಮಳೆಯ ಹನಿಯೂ ಗಾಳಿಯೂ ಬೇರಿಗೆ ಹೋಗದಂತೆ ಮುಚ್ಚುತ್ತಿದ್ದೇವೆ. ಕಟ್ಟೆಯನ್ನು ಕಟ್ಟುವವರು ಕಾಂಡದ ಸುತ್ತ ನಾಲ್ಕಡಿಯನ್ನಾದರೂ ಮಣ್ಣಾಗಿ ಬಿಡಬೇಕೆಂದು ಗ್ರಾಮ ಪಂಚಾಯಿತಿಗಳು ಒಂದು ನಿಯಮವನ್ನೇ ಮಾಡಿಕೊಳ್ಳಬೇಕು.

ನೆಡುವ ಕಾಲವಾವುದೆಂದರೆ, ಮೃಗಶಿರೆಯ ಮೊದಲ ಹನಿಗೆ ಮರುಳಾಗದೆ, ಆರಿದ್ರೆಯ ಮಳೆ ಬಿದ್ದು ಮರದ ಬುಡದಲ್ಲಿ ಒಂದು ಗೇಣು ಆಳದವರೆಗೆ ತೇವ ಇಳಿದಿರುವುದನ್ನು ಕೈಯಿಂದ ಮುಟ್ಟಿ ನೋಡಿದಮೇಲೆ, ಅಂದರೆ ಜೂನಿನ ಕೊನೆಯ ವಾರದಿಂದ ಮುಂದಕ್ಕೆ. ಆ ಕಾಲಕ್ಕಾಗಿ ಈಗಿನಿಂದಲೇ ಮಾಡಬಹುದಾದ ಸಿದ್ಧತೆ ಒಂದಿದೆ, ಅದಕ್ಕೆ ಕಾಸಿನ ಖರ್ಚಿಲ್ಲ. ಫಾಲ್ಗುಣದಲ್ಲಿ ಉದುರುವ ಬೇವು ಹೊಂಗೆಗಳ ಎಲೆಯನ್ನು ಪ್ರತಿದಿನ ಗುಡಿಸಿ ಮೂಲೆಯಲ್ಲಿ ಬೆಂಕಿಯಿಡುವ ಪರಿಪಾಠವನ್ನು ದಯಮಾಡಿ ನಿಲ್ಲಿಸಿರಿ. ಆ ಎಲೆಯನ್ನು ಕಾಂಡದಿಂದ ಅರ್ಧ ಅಡಿ ಬಿಟ್ಟು, ಎರಡು ಮೂರು ಅಂಗುಲ ದಪ್ಪಕ್ಕೆ ಮರದಡಿಯ ನೆಲಕ್ಕೇ ಹೊದಿಸಿ, ಮೇಲೆ ಒಂದು ಕೊಡ ಸಗಣಿನೀರನ್ನು ಚಿಮುಕಿಸಿರಿ. ಮಳೆಗಾಲ ಬರುವಷ್ಟರಲ್ಲಿ ಕೆಳಗಿನ ಪದರ ಕಳಿತು ಮಣ್ಣಾಗಿರುತ್ತದೆ, ಮೇಲಿನದು ನೀವು ನೆಟ್ಟ ಮೊದಲ ಅಮೃತಬಳ್ಳಿಯ ಬುಡದ ತೇವವನ್ನು ಕಾಯುತ್ತದೆ.